ಬಸ್ತಿಹಳ್ಳಿಗೆ ಬಂದ ದಾರಿಗಳು

1133ರ ಮಾತು. ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಸ ಬಸದಿಯೊಂದರ ಪ್ರತಿಷ್ಠೆ ಮುಗಿದಿತ್ತು. ಕಟ್ಟಿಸಿದವನು ಬೊಪ್ಪದೇವ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ತೀರಿಕೊಂಡ ತಂದೆಯ ನೆನಪಿಗೆಂದು, ತಂದೆಯ ಬಿರುದನ್ನೇ ಬಸದಿಗೆ ಇಟ್ಟು 'ದ್ರೋಹಘರಟ್ಟ ಜಿನಾಲಯ' ಎಂದು ಕರೆದ. ಇನ್ನು ಅರಸನಿಗೆ ಗಂಧೋದಕ, ಶೇಷ ಮುಟ್ಟಿಸಬೇಕು. ಅರಸ ಊರಿನಲ್ಲಿಲ್ಲ, ದೂರದ ಬಂಕಾಪುರದಲ್ಲಿದ್ದಾನೆ. ಅರ್ಚಕರು ಪ್ರಸಾದ ಹಿಡಿದು ಉತ್ತರಕ್ಕೆ ಹೊರಟರು.

ಇವತ್ತಿನ ರಸ್ತೆಯ ಲೆಕ್ಕದಲ್ಲಿ ಅದು ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ. ಅವರು ಮುಟ್ಟುವ ಹೊತ್ತಿಗೆ ಅರಸನ ಬೀಡಿನಲ್ಲಿ ಎರಡು ಸಂಭ್ರಮ ಒಟ್ಟಿಗೇ ನಡೆದಿದ್ದವು. ದಂಡೆತ್ತಿ ಬಂದಿದ್ದ ಮಸಣನನ್ನು ವಿಷ್ಣುವರ್ಧನ ಸೋಲಿಸಿ ಕೊಂದಿದ್ದ. ರಾಣಿ ಲಕ್ಷ್ಮೀದೇವಿಗೆ ಗಂಡುಮಗು ಹುಟ್ಟಿತ್ತು. ಅರ್ಚಕರನ್ನು ಕಂಡು ಅರಸ ಎದ್ದು ಕೈಮುಗಿದು ಗಂಧೋದಕ ಸ್ವೀಕರಿಸಿದ. ಗೆಲುವೂ ಮಗನೂ ಈ ದೇವರ ಪ್ರತಿಷ್ಠೆಯ ಫಲವೆಂದು ನಂಬಿ ದೇವರಿಗೆ ವಿಜಯ ಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟ. ಬಸದಿಯ ಖರ್ಚಿಗೆಂದು ಆಸಂದಿನಾಡಿನ ಜಾವಗಲ್ಲನ್ನು ದತ್ತಿ ಬಿಟ್ಟ. ಇಷ್ಟನ್ನೂ ಹೇಳುವ ಶಾಸನ ಬಸ್ತಿಹಳ್ಳಿಯಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯಿಂದ ದಕ್ಷಿಣಕ್ಕೆ ಕಿಲೋಮೀಟರಿಗೂ ಕಡಿಮೆ ದೂರದ ಈ ಊರಲ್ಲಿ ಪಾರ್ಶ್ವನಾಥ, ಶಾಂತಿನಾಥ, ಆದಿನಾಥರ ಮೂರು ಬಸದಿಗಳು ಒಂದೇ ಅಂಗಳದಲ್ಲಿ ನಿಂತಿವೆ.

ದೇವರ ಹೆಸರೇ ಒಂದು ಪ್ರಯಾಣದ ಕೊನೆಯಲ್ಲಿ ಹುಟ್ಟಿತೆಂದು ಒಪ್ಪಿಕೊಳ್ಳುವ ಶಾಸನಗಳು ಹೆಚ್ಚಿಲ್ಲ. ದತ್ತಿಯ ಊರೂ ದಾರಿಯ ಮೇಲಿನದೇ. ಬಾಣಾವರದ ಕಡೆಯಿಂದ ಹಳೇಬೀಡಿಗೆ ಬರುವವರು ಇಂದಿಗೂ ಜಾವಗಲ್ಲನ್ನು ಹಾದೇ ಬರಬೇಕು. ಈಗಿನ ತಲೆಮಾರಿಗೆ ಜಾವಗಲ್ ಎಂದರೆ ಬೌಲರ್ ಶ್ರೀನಾಥ್. ಹಳಬರಿಗೆ ಅಲ್ಲಿಯ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ. ಬಸದಿಗೆ ದತ್ತಿ ಬಿಟ್ಟ ಊರೆಂದು ನೆನೆಯುವವರು ಕಡಿಮೆ.

ಹೊಯ್ಸಳರ ರಾಜಧಾನಿ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಶಿಲ್ಪ. ಆದರೆ ಆ ಪಟ್ಟಣವನ್ನು ಉಳಿಸಿದ್ದು ದಾರಿಗಳು. ಆ ಕಾಲದ ಶಾಸನಗಳಲ್ಲಿ ಹೇರಿನ ಲೆಕ್ಕ ಎಷ್ಟು ಸಲ ಬರುತ್ತದೆಂದರೆ, ಸುಂಕದವನ ಕಟ್ಟೆಯಲ್ಲಿ ಕೂತು ದಾನಪತ್ರ ಬರೆದಂತಿದೆ. ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ಹೆಜ್ಜುಂಕ, ಕಿರುಕುಳ ಸುಂಕ ಎಂದು ಬಗೆಬಗೆಯ ವಸೂಲಿ; ಅದರಲ್ಲೊಂದು ಪಾಲು ದೇವರ ದೀಪಕ್ಕೆ. ಅರಸೀಕೆರೆ ಸೀಮೆಯ ಶಾಸನಗಳಲ್ಲಿ ಮಲೆಯಾಳದಿಂದ ಬಂದು ನೆಲೆಸಿದ ಸೆಟ್ಟಿಗಳ ಸುದ್ದಿಯಿದೆ. ಕಡಲಿನ ಮೇಲೆ ಹಡಗಿನಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದ ವರ್ತಕರನ್ನು ಅವು ಹೊಗಳುತ್ತವೆ. ಕರಾವಳಿಯಿಂದ ಘಟ್ಟ ಹತ್ತಿಸಿ ಈ ಬಯಲಿಗೆ ಕುದುರೆಯನ್ನು ಬದುಕಿಸಿ ತರುವುದು ಚಿಲ್ಲರೆ ಕೆಲಸವಲ್ಲ.

ವ್ಯಾಪಾರಿಗೆ ತೆರೆದ ದಾರಿ ದಂಡಿಗೂ ತೆರೆದದ್ದೇ. 1311ರ ಫೆಬ್ರುವರಿಯಲ್ಲಿ ದಿಲ್ಲಿ ಸುಲ್ತಾನ ಅಲಾವುದ್ದೀನನ ಸೇನಾಪತಿ ಮಲಿಕ್ ಕಾಫೂರ್ ದೇವಗಿರಿಯ ಕಡೆಯಿಂದ ಇಳಿದು ಬಂದ. ಹೊಯ್ಸಳ ಅರಸ ಮೂರನೆಯ ಬಲ್ಲಾಳ ಪಾಂಡ್ಯ ಸಹೋದರರ ಜಗಳದಲ್ಲಿ ಲಾಭ ಹುಡುಕಿಕೊಂಡು ದಕ್ಷಿಣಕ್ಕೆ ಹೋಗಿದ್ದಾನೆ ಎಂಬ ಸುದ್ದಿ ದಾರಿಯಲ್ಲೇ ಸಿಕ್ಕಿತು. ದೊಡ್ಡ ಸೈನ್ಯವನ್ನು ಹಿಂದೆ ಬಿಟ್ಟು 10,000 ಕುದುರೆ ಸವಾರರನ್ನು ಆರಿಸಿಕೊಂಡು, ಹನ್ನೆರಡು ದಿನ ಬೆಟ್ಟ ಕಣಿವೆ ದಾಟಿ ದೋರಸಮುದ್ರದ ಕೋಟೆಯ ಮುಂದೆ ಬಂದು ನಿಂತನೆಂದು ದಿಲ್ಲಿಯ ಕವಿ ಅಮೀರ್ ಖುಸ್ರೋ ಬರೆದಿದ್ದಾನೆ. ವೇಗವೇ ಕಾಫೂರನ ಆಯುಧ. ಬಲ್ಲಾಳ ಆನೆ, ಕುದುರೆ, ಭಂಡಾರ ಒಪ್ಪಿಸಿ ಸಂಧಿ ಮಾಡಿಕೊಂಡ. ಅವನ ಮಗ ದಿಲ್ಲಿಗೆ ಹೋಗಿ, ಅಲಾವುದ್ದೀನನಿಂದ ಉಡುಗೊರೆ ಪಡೆದು, 1313ರ ಮೇ ತಿಂಗಳಲ್ಲಿ ಮರಳಿದ. ರಾಜಕುಮಾರ ದಿಲ್ಲಿಯಿಂದ ಬದುಕಿ ಬಂದದ್ದು ಆ ಕಾಲಕ್ಕೆ ಕಲ್ಲಿನಲ್ಲಿ ಕೊರೆಸುವಂಥ ಸುದ್ದಿ, ಕೊರೆಸಿಯೂ ಇದ್ದಾರೆ. 1327ರ ಸುಮಾರಿಗೆ ಮಹಮದ್ ಬಿನ್ ತುಘಲಕನ ದಂಡು ಬಂತು. ಬಲ್ಲಾಳ ತಿರುವಣ್ಣಾಮಲೆಯ ಕಡೆ ಬೀಡು ಬದಲಿಸಿದ. ಅಲ್ಲಿಂದ ಮುಂದೆ ದೋರಸಮುದ್ರಕ್ಕೆ ಯಾರೂ ಅವಸರದಿಂದ ಬರಬೇಕಾಗಲಿಲ್ಲ.

ಹಲವು ನೂರು ವರ್ಷ ಇಲ್ಲಿಗೆ ಬಂದು ಹೋದವರು ಸಂತೆಯವರು, ದನಗಾಹಿಗಳು, ನಡೆದೇ ಬರುವ ಜೈನ ಯಾತ್ರಿಕರು. ಅವರು ಬರೆದಿಡಲಿಲ್ಲ. ಬರೆದಿಟ್ಟವನೊಬ್ಬ 1801ರಲ್ಲಿ ಬಂದ: ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಮೈಸೂರು, ಕನ್ನಡ ಕರಾವಳಿ, ಮಲಬಾರಿನ ಬೆಳೆ, ಮಣ್ಣು, ಕಸುಬು ಎಲ್ಲವನ್ನೂ ನೋಡಿಬರಲು ಕಳಿಸಿದ ವೈದ್ಯ. ರಾಗಿ ಹೊಲದ ಉಳುಮೆ ಎಷ್ಟು ಸಾಲು ಎಂದು ಕೇಳಿ ಬರೆದುಕೊಳ್ಳುವ ಅವನ ಕಣ್ಣಿಗೆ ಬಸದಿಯ ಕಂಬಗಳೂ ಬಿದ್ದವು. ನುಣುಪಾದ ಕರಿಕಲ್ಲಿನಲ್ಲಿ ಎದುರಿನ ವಸ್ತು ಎರಡಾಗಿ ಕಾಣುತ್ತದೆ, ಊರವರು ಅದನ್ನು ಪವಾಡ ಎನ್ನುತ್ತಾರೆ ಎಂಬುದು ಅವನ ಟಿಪ್ಪಣಿ.

ಪಾರ್ಶ್ವನಾಥ ಬಸದಿಯ ನವರಂಗಕ್ಕೆ ಈಗಲೂ ಹೋಗಿ ನೋಡಬಹುದು. ಕಂಬಗಳನ್ನು ಕಡಸಲಿಗೆ ಹಾಕಿ ತಿರುಗಿಸಿ, ಮೈಯೆಲ್ಲ ಬಳೆಗಳಂತೆ ಉಬ್ಬು ತಗ್ಗು ಮಾಡಿ, ಆಮೇಲೆ ಕನ್ನಡಿಯಂತೆ ಹೊಳೆಯುವಷ್ಟು ಉಜ್ಜಿದ್ದಾರೆ. ಬಾಗಿಲ ಬೆಳಕಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತರೆ ಉಬ್ಬಿನಲ್ಲಿ ನಮ್ಮ ಮೈ ಕುಗ್ಗಿ ನೆಟ್ಟಗೆ ಕಾಣುತ್ತದೆ, ಕೆಳಗಿನ ತಗ್ಗಿನಲ್ಲಿ ಅದೇ ಮೈ ತಲೆಕೆಳಗು. ಬುಕಾನನ್ ಕಂಡ ಎರಡು ಬಿಂಬ ಇವೇ ಇರಬೇಕು. ಕಲ್ಲನ್ನು ಇಷ್ಟು ನಯ ಮಾಡಿದವರಿಗೆ ತಾವು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಅನುಮಾನ.

ಅರ್ಧ ಶತಮಾನ ಕಳೆದು ಕ್ಯಾಮೆರಾ ಬಂತು. 1856ರ ಸುಮಾರಿಗೆ ಮದ್ರಾಸ್ ಸೈನ್ಯದ ವೈದ್ಯ ನೀಲ್, ಇನ್ನೊಬ್ಬ ಆಂಗ್ಲ ಓಕ್ಲಿ, ಇಬ್ಬರೂ ಹಳೇಬೀಡಿನಲ್ಲಿ ಫೋಟೊ ತೆಗೆದರು. ಓಕ್ಲಿಯ 56 ಫೋಟೊಗಳ ಸಂಪುಟ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಮುಕ್ಕಾಲಿ, ಸೀಸೆ ಸೀಸೆ ರಾಸಾಯನಿಕ, ಕತ್ತಲೆ ಕೋಣೆಯ ಸರಂಜಾಮು ಎಲ್ಲವೂ ಹೊರೆ. ಅವರು ಅಷ್ಟು ಹೊತ್ತು ಬಂದದ್ದು ಒಳ್ಳೆಯದೇ ಆಯಿತು. ಹೊಯ್ಸಳೇಶ್ವರನಿಂದ ಬಸ್ತಿಹಳ್ಳಿಗೆ ಹೋಗುವಾಗ ಸಿಗುವ ಕೇದಾರೇಶ್ವರ ಗುಡಿಯ ಗೋಪುರವನ್ನು ಅದರ ಮೇಲೆ ಬೆಳೆದ ಮರವೇ ಸೀಳಿ ಕೆಡವಿತು. ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ 1876ರಲ್ಲಿ ತನ್ನ ಪುಸ್ತಕಕ್ಕೆ ಆ ಗುಡಿಯ ಚಿತ್ರ ಹಾಕಿಸಿದ್ದು ಫೋಟೊ ನೋಡಿಯೇ. ಗೋಪುರ ಹೇಗಿತ್ತೆಂದು ನಮಗೆ ತಿಳಿದಿರುವುದು ಆ ಕಾಲದ ಬಿಂಬಗಳಿಂದ.

ಗಾಡಿಗಳ ಮಾತಿಗೆ ಬಂದರೆ, ಈ ಸೀಮೆ ಎತ್ತಿನ ಸೀಮೆ. ಅಮೃತಮಹಲ್ ತಳಿಯ ಕಾವಲುಗಳು ಅಜ್ಜಂಪುರ, ಬಾಣಾವರ, ಅರಸೀಕೆರೆಯ ಸುತ್ತ ಹಬ್ಬಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡದ್ದಕ್ಕೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಹೈದರಾಲಿ ಈ ಎತ್ತುಗಳ ಬಲದಿಂದ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಹೋದನೆಂದು ಗೆಜೆಟಿಯರುಗಳು ಹೇಳುತ್ತವೆ. ದಂಡಿನ ಎತ್ತು ಅಷ್ಟು ಓಡಿದ್ದಿರಬಹುದು. ಊರ ಗಾಡಿಯ ಎತ್ತು ಗಂಟೆಗೆ ಎರಡು ಮೈಲಿ, ಹೆಚ್ಚೆಂದರೆ ಮೂರು. ಕಮಿಷನರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಆಡಳಿತ ನಡೆಸಿದಾಗ ಮೈಸೂರು ಸೀಮೆಯಲ್ಲಿ ರಸ್ತೆ, ಘಟ್ಟದ ದಾರಿಗಳ ಕೆಲಸ ಜೋರಾಗಿ ನಡೆಯಿತು. ಮಲೆನಾಡಿನ ಕಾಫಿ ಚಕ್ರದ ಮೇಲೆ ಕರಾವಳಿಗೆ ಇಳಿಯತೊಡಗಿತು. ಹಳೇಬೀಡು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಜಾಗ; ಎರಡೂ ಕಡೆಯ ಗಾಡಿಗೆ ತಂಗುವ ಊರಾಯಿತು.

ನಿಜವಾದ ಪಲ್ಲಟ ರೈಲಿನದು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ಮೀಟರ್ ಗೇಜ್ ಹಳಿ ತಿಪಟೂರು, ಅರಸೀಕೆರೆ, ಬಾಣಾವರ, ಬೀರೂರು ಹಾದು 1889ರಲ್ಲಿ ಹರಿಹರ ಮುಟ್ಟಿತು. ಬಾಣಾವರ ಎಂಬ ಹೋಬಳಿ ಊರು ರಾತ್ರೋರಾತ್ರಿ ಹಳೇಬೀಡಿನ ಹೆಬ್ಬಾಗಿಲಾಯಿತು. ಆಗಿನ ಪ್ರವಾಸ ಕೈಪಿಡಿಗಳು ಹೇಳುತ್ತಿದ್ದದ್ದು ಅದನ್ನೇ: ಬಾಣಾವರದಲ್ಲಿ ಇಳಿಯಿರಿ, ಜಾವಗಲ್ ಮೇಲೆ ಸುಮಾರು 18 ಮೈಲಿ ಹಳೇಬೀಡು, ಅಲ್ಲಿಂದ 10 ಮೈಲಿ ಬೇಲೂರು. ಮೊದಲು ಹಳೇಬೀಡು, ಆಮೇಲೆ ಬೇಲೂರು. ಈ ಕ್ರಮ ನೆನಪಿರಲಿ, ಮುಂದೆ ತಿರುಗುಮುರುಗಾಗುತ್ತದೆ.

18 ಮೈಲಿ ಎಂದರೆ ಗಾಡಿಯಲ್ಲಿ ಒಂದು ಪೂರ್ತಿ ರಾತ್ರಿ. ಬಿಸಿಲಿಗೆ ಎತ್ತು ಬಳಲುತ್ತವೆಂದು ಕಮಾನು ಗಾಡಿಗಳು ಹೊರಡುತ್ತಿದ್ದದ್ದು ಇಳಿಹೊತ್ತಿನ ಮೇಲೆ. ಒಳಗೆ ಒಣಹುಲ್ಲು ಹಾಸಿ, ಅದರ ಮೇಲೆ ಜಮಖಾನ. ಗಾಡಿಯವನು ಹೊರಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿ ಭದ್ರವಾಗಿದೆಯೇ ಎಂದು ತಟ್ಟಿ ನೋಡಿ, ಗಾಡಿಯ ಅಡಿಗೆ ಲಾಟೀನು ತೂಗುಹಾಕುತ್ತಿದ್ದ. ಎತ್ತಿಗೆ ದಾರಿ ಗೊತ್ತಿದ್ದರೆ ಗಾಡಿಯವನೂ ಮೂಕಿಯ ಮೇಲೆ ತೂಕಡಿಸಿದ. ಜಾವಗಲ್ಲಿನಲ್ಲಿ ನೊಗ ಬಿಚ್ಚಿ ನೀರು ಕುಡಿಸಿ, ಹುಲ್ಲು ಹಾಕಿ ಮತ್ತೆ ಹೂಡಬೇಕು. ಬೆಳಗಾಗುವ ಹೊತ್ತಿಗೆ ದೋರಸಮುದ್ರದ ಕೆರೆ. ಸಾಹೇಬರಾದರೆ ಪ್ರವಾಸಿ ಬಂಗಲೆ, ನಮ್ಮವರಾದರೆ ಪರಿಚಯದವರ ಮನೆ, ಇಲ್ಲವೇ ಗುಡಿಯ ಜಗುಲಿ.

ಹೀಗೆ ಬಂದವನು ಅರ್ಧ ಗಂಟೆ ನೋಡಿಕೊಂಡು ಹೋಗುವುದಿಲ್ಲ. ಎತ್ತಿಗೇ ಒಂದು ದಿನ ಬಿಡುವು ಬೇಕು. ಆ ಬಿಡುವಿನಲ್ಲಿ ಹೊಯ್ಸಳೇಶ್ವರ ಮುಗಿಯುತ್ತಿತ್ತು, ಕೇದಾರೇಶ್ವರನ ಕಲ್ಲುರಾಶಿ ಮುಗಿಯುತ್ತಿತ್ತು, ಸಂಜೆಯ ತಂಪಿನಲ್ಲಿ ಬಸ್ತಿಹಳ್ಳಿಗೆ ನಡೆದು ಹೋಗುವಷ್ಟು ಹೊತ್ತು ಉಳಿಯುತ್ತಿತ್ತು. ಲೂಯಿಸ್ ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೇ ಸಂಪುಟವಾಗಿ 1902ರಲ್ಲಿ ಹೊರತಂದದ್ದು ಈ ಗಾಡಿಯುಗದ ಕೂಸು. ಬಂಕಾಪುರದ ಪ್ರಸಂಗವಿರುವ ಶಾಸನವೂ ಅದರಲ್ಲಿದೆ. 1274ರಲ್ಲಿ ದೋರಸಮುದ್ರದಲ್ಲಿ ಸಮಾಧಿ ಮರಣವನ್ನು ಹೊಂದಿದ ಜೈನ ಮುನಿ ಬಾಲಚಂದ್ರ ಪಂಡಿತದೇವರ ಸ್ಮಾರಕ ಶಾಸನವೂ ಅದರಲ್ಲೇ. ಇವುಗಳ ಅಚ್ಚು ತೆಗೆಯಲು ಕಲ್ಲನ್ನು ತೊಳೆದು, ಒದ್ದೆ ಕಾಗದ ಒತ್ತಿ, ಬುರುಶಿನಿಂದ ಬಡಿದು, ಮಸಿ ಹಚ್ಚಿ, ಒಣಗುವವರೆಗೆ ಕಾಯಬೇಕು. ಗಾಡಿ ಕಾಯುತ್ತಿದ್ದ ಕಾಲದಲ್ಲಿ ಅದು ಸಾಧ್ಯವಾಯಿತು. 1906ರಿಂದ 1922ರವರೆಗೆ ಮೈಸೂರು ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರ ಸರ್ಕೀಟುಗಳ ಕಾಲವೂ ಅದೇ.

ಹೆಬ್ಬಾಗಿಲು ಬಾಣಾವರದಿಂದ ಹಾಸನಕ್ಕೆ ಹೋದದ್ದು ಮುಂದಿನ ಕತೆ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ಹೊತ್ತಿಗೆ, 1918ರ ಸುಮಾರಿನಲ್ಲಿ, ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ರೈಲು ಓಡತೊಡಗಿತು. ಅಳೆದು ನೋಡಿದರೆ ಹಾಸನದಿಂದ ಹಳೇಬೀಡು ಬಾಣಾವರಕ್ಕಿಂತ ಹತ್ತಿರವೇನಲ್ಲ. ಆದರೆ ಹಾಸನ ಜಿಲ್ಲಾ ಕೇಂದ್ರ; ಕಚೇರಿ, ಹೋಟೆಲು, ಬಾಡಿಗೆ ಮೋಟಾರು ಎಲ್ಲ ಅಲ್ಲಿ. ಮೈಸೂರು ನೋಡಲು ಬಂದವರು ಅದೇ ಹಳಿಯ ಮೇಲೆ ಹಾಸನಕ್ಕೆ ಬಂದಿಳಿಯುವುದು ಸುಲಭವಾಯಿತು. ಬಾಣಾವರದ ಗಾಡಿ ಸ್ಟ್ಯಾಂಡಿನಲ್ಲಿ ಯಾತ್ರಿಕರ ಬದಲು ಕೊಬ್ಬರಿ, ರಾಗಿ ಮೂಟೆಗಳು ಉಳಿದವು.

ಅಷ್ಟರಲ್ಲಿ ಬಸ್ಸು ಬಂತು. ಮೊದಮೊದಲು ಖಾಸಗಿಯವರದೇ ರಾಜ್ಯ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಬಸ್ಸುಗಳು ಓಡಿದವು. ಹಿಂಭಾಗದಲ್ಲಿ ನಿಂತ ಕಬ್ಬಿಣದ ಹಂಡೆಗೆ ಕ್ಲೀನರ್ ಇದ್ದಿಲು ಸುರಿದು, ಬೆವರು ಸುರಿಸುತ್ತ ಕೈಹಿಡಿ ತಿರುಗಿಸಿ ಗಾಳಿ ಊದಬೇಕು. ಗ್ಯಾಸು ಕಟ್ಟುವವರೆಗೆ ಪ್ರಯಾಣಿಕರು ಕಾಯಬೇಕು. ದಿಬ್ಬ ಬಂದರೆ ಇಳಿದು ತಳ್ಳಬೇಕು. ಟಿಕೆಟ್ ಕೊಂಡು ತಳ್ಳಿದ್ದರ ಬಗ್ಗೆ ಹಳಬರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮೇಲೆ ಕೆಎಸ್ಸಾರ್ಟಿಸಿ. ಕೆಂಪು ಬಸ್ಸು ಹಳ್ಳಿ ಹಳ್ಳಿಗೆ ಹೋದಂತೆ ಕಮಾನು ಗಾಡಿಗಳು ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಸೀಮಿತವಾದವು.

ಬಸ್ತಿಹಳ್ಳಿಯ ಪಾಲಿಗೆ ಇದರಿಂದ ಆದದ್ದೇನು? ನನ್ನ ಪ್ರಕಾರ ನಷ್ಟವೇ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬೆಳಿಗ್ಗೆ ಹೊರಟು, ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮೂರನ್ನೂ ಸುತ್ತಿಸಿ ರಾತ್ರಿ ಮನೆ ಮುಟ್ಟಿಸುವ ಒಂದು ದಿನದ ಟೂರು ಜನಪ್ರಿಯವಾಯಿತು. ಅದರ ಲೆಕ್ಕ ಸರಳ. ಬೆಳಗೊಳದಲ್ಲಿ ಬೆಟ್ಟ ಹತ್ತಿಳಿಯುವ ಹೊತ್ತು, ಬೇಲೂರಿನಲ್ಲಿ ಊಟವೂ ಶಿಲಾಬಾಲಿಕೆಯರೂ, ಹಳೇಬೀಡಿಗೆ ಬರುವಾಗ ಡ್ರೈವರ್ ಗಡಿಯಾರ ನೋಡುತ್ತಿರುತ್ತಾನೆ. ಹೊಯ್ಸಳೇಶ್ವರನ ಹೊರಗೋಡೆಯ ಆನೆ ಸಾಲಿಗೆ ಒಂದು ಸುತ್ತು, ನಂದಿಯ ಮುಂದೆ ಗ್ರೂಪ್ ಫೋಟೊ, ಹಾರ್ನ್. ರೈಲಿನ ಕಾಲದಲ್ಲಿ ಮೊದಲನೆಯದಾಗಿದ್ದ ಊರು ಬಸ್ಸಿನ ಕಾಲದಲ್ಲಿ ಕೊನೆಯದಾಯಿತು. ಅದರ ಆಚೆಯ ಬಸ್ತಿಹಳ್ಳಿ ಪಟ್ಟಿಯಿಂದಲೇ ಬಿದ್ದುಹೋಯಿತು. ಎಂಟು ಶತಮಾನ ದಂಡು, ಮಳೆ, ಮರದ ಬೇರು ತಾಳಿಕೊಂಡ ಬಸದಿಗೆ ಒಂದು ಹಾರ್ನ್ ಅಡ್ಡ ಬಂತು ಎನ್ನಬೇಕು.

ಈ ಬದಲಾವಣೆ ಯಾವುದೂ ಮುಟ್ಟದ ಒಂದು ವರ್ಗವಿದೆ. ದಿಗಂಬರ ಮುನಿಗಳು ವಾಹನ ಹತ್ತುವುದಿಲ್ಲ. ಮಳೆಗಾಲದ ಚಾತುರ್ಮಾಸ ಒಂದೆಡೆ ಮುಗಿಸಿ ಉಳಿದ ತಿಂಗಳು ಊರಿಂದೂರಿಗೆ ವಿಹಾರ, ಬರಿಗಾಲಿನಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಬೆಳಗೊಳದಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದಾಗ, ಕಡೆಯ ಸಲ 2018ರಲ್ಲಿ, ಉತ್ತರ ಭಾರತದಿಂದ ನೂರಾರು ಮೈಲಿ ನಡೆದು ಬಂದ ಸಂಘಗಳಿದ್ದವು. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ಮುಂದೆ ಹಿಂದೆ ಶ್ರಾವಕರ ಗುಂಪು. ದಾರಿಯ ಕಡೆ ಇಳಿಸಿದ ನೋಟ. ಹೆದ್ದಾರಿಯ ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಪ್ರಯಾಣದ ವೇಗದ ವಿಷಯದಲ್ಲಿ ಇವರು ಬಾಲಚಂದ್ರ ಪಂಡಿತದೇವರ ಸಮಕಾಲೀನರು.

ಇಂದಿನ ಸ್ಥಿತಿ ಹೇಳಬೇಕೆಂದರೆ, ದಾರಿಗೇನೂ ಬಡತನವಿಲ್ಲ. ಮಂಗಳೂರು–ತುಮಕೂರು ಹೆದ್ದಾರಿ 73 ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ ಹಾದು ಅರಸೀಕೆರೆಗೆ ಹೋಗುತ್ತದೆ. ಹಳೆಯ ಗಾಡಿದಾರಿಗೆ ಡಾಂಬರು ಬಳಿದು ನಂಬರು ಕೊಟ್ಟಂತೆ. ಬೆಂಗಳೂರು–ಹಾಸನ ನೇರ ರೈಲು 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಶುರುವಾದಾಗಿನಿಂದ ಅರಸೀಕೆರೆಗೆ ಸುತ್ತುವ ಅಗತ್ಯ ತಪ್ಪಿತು. ಹಾಸನ, ಬೇಲೂರಿನಿಂದ ಹಳೇಬೀಡಿಗೆ ಬಸ್ಸುಗಳಿವೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಗುಡಿ ನೋಡಲು ಹೊರಟರು. ಬಸ್ಸು ಬಿಟ್ಟುಹೋಗುವ ಭಯವಿಲ್ಲ, ಮುಂದಿನದು ಹತ್ತಿದರಾಯಿತು. ಇವರಿಗೆ ಗಾಡಿಯುಗದ ಪ್ರವಾಸಿಯ ಪುರುಸೊತ್ತು ಮರಳಿ ಸಿಕ್ಕಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಳೇಬೀಡಿನಿಂದ ಪಟ್ಟಿಯಲ್ಲಿ ಹೆಸರು ಬಂದದ್ದು ಹೊಯ್ಸಳೇಶ್ವರನದು.

ಹಳೇಬೀಡು ಬಸ್ ಸ್ಟ್ಯಾಂಡಿಗೆ ಗುಡಿ ಎದುರಿಗೇ ಇದೆ. ಅಲ್ಲಿಂದ ಬಸ್ತಿಹಳ್ಳಿಗೆ ಆಟೊ ಸಿಗುತ್ತದೆ, ಆದರೆ ನಡೆದು ಹೋಗುವುದೇ ಸರಿ. ನಡುವೆ ಕೇದಾರೇಶ್ವರವಿದೆ, ಎರಡನೆಯ ಬಲ್ಲಾಳನೂ ರಾಣಿ ಕೇತಲದೇವಿಯೂ ಕಟ್ಟಿಸಿದ ಈ ಗುಡಿಯ ಹೊರಗೋಡೆ ಹೊಯ್ಸಳೇಶ್ವರನದಕ್ಕಿಂತ ನಾಜೂಕು, ಜನ ಮಾತ್ರ ಇಲ್ಲ. ಬಸದಿಗಳ ಹೊರಗೋಡೆ ಸಪ್ಪೆ ಎಂದು ಕೆಲವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಕೆಲಸವೆಲ್ಲ ಒಳಗಿದೆ: ಕಂಬ, ನವರಂಗದ ಮಾಳಿಗೆ, ಹೆಡೆ ಬಿಚ್ಚಿದ ಹಾವಿನ ಕೆಳಗೆ ಕತ್ತಲಲ್ಲಿ ನಿಂತ ಕರಿಕಲ್ಲಿನ ಪಾರ್ಶ್ವನಾಥ.

ಇನ್ನು ರೈಲು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರ ನವೆಂಬರಿನಲ್ಲಿ ಮೊದಲ ರೈಲು ಬಂತು. ಅಲ್ಲಿಂದ ಬೇಲೂರಿನ ಮೇಲೆ ಹಾಸನಕ್ಕೆ ಹಳಿ ಎಳೆಯುವ ಯೋಜನೆ ಮಂಜೂರಾಗಿದೆ. ಬೇಲೂರಿಗೆ ಸ್ಟೇಷನ್ ಬಂದ ದಿನ ಬಾಣಾವರ, ಹಾಸನ ಎರಡರ ಪಾತ್ರವೂ ಕಿರಿದಾಗುತ್ತದೆ. ಆಗಲೂ ಹಳೇಬೀಡು ಸ್ಟೇಷನ್ನಿನಿಂದ ಹದಿನಾರು ಕಿಲೋಮೀಟರು, ಅದಕ್ಕೊಂದು ಬಸ್ಸು ಬೇಕೇ ಬೇಕು. ಆ ಬಸ್ಸನ್ನು ಹೊಯ್ಸಳೇಶ್ವರನ ಮುಂದೆ ತಿರುಗಿಸದೆ ಬಸ್ತಿಹಳ್ಳಿಯವರೆಗೆ ಓಡಿಸಿ, ಅಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರೆ ಸಾರಿಗೆಯವರಿಗೆ ಡೀಸೆಲ್ ಒಂದು ಲೀಟರೂ ಹೆಚ್ಚು ಸುಡುವುದಿಲ್ಲ.